ಕರೆಂಟ್ ಕೊಟ್ಟರೂ ಗಡ್ಡೆ ಯಾಕೆ ಹಾಗೇ ಇದೆ?

ಕಳೆದ ವರ್ಷ ನಮ್ಮ ನಾನಿಗೆ ಕ್ಯಾನ್ಸರ್‌ಗೆಂದು ವಿಕಿರಣ ಚಿಕಿತ್ಸೆ ಆಯಿತು. ನೋಡಲು ಬಂದವರೆಲ್ಲ ಕೇಳಿದ್ದು ಒಂದೇ ಮಾತು: “ಕರೆಂಟ್ ಕೊಟ್ಟ ಮೇಲೂ ಗಂಟು ಹಾಗೇ ಇದೆಯಲ್ಲಾ?” ಕೇಳಿ ಕೇಳಿ ಬೇಸತ್ತ ನಾನಿ, ಇನ್ನು ಚೆಕಪ್‌ಗೆ ಹೋಗುವುದೇ ಬೇಡ ಎಂದುಬಿಟ್ಟರು. ಪಿಯುಸಿಯಲ್ಲಿ ಸೈನ್ಸ್ ಓದುವ ನನ್ನ ಬಳಿಯೂ ಉತ್ತರ ಇರಲಿಲ್ಲ.

ಉತ್ತರ ಸಿಕ್ಕಿದ್ದು ಸೆಮಿನಾರಿಗಾಗಿ ಕಣ್ಣಿನ ಮೆಲನೋಮಾ ಬಗ್ಗೆ ಓದುವಾಗ. ಕಣ್ಣಿನ ನಡುಪದರದಲ್ಲಿರುವ, ಬಣ್ಣ ತಯಾರಿಸುವ ಮೆಲನೋಸೈಟ್ ಕೋಶಗಳಿಂದ ಹುಟ್ಟುವ ಅಪರೂಪದ ಕ್ಯಾನ್ಸರ್ ಇದು. ಹೆಚ್ಚಿನ ರೋಗಿಗಳಲ್ಲಿ ಜಿಎನ್‌ಎಕ್ಯೂ ಅಥವಾ ಜಿಎನ್‌ಎ11 ಎಂಬ ಜೀನ್‌ನಲ್ಲಿ ಬದಲಾವಣೆಯಾಗಿ, ಕೋಶಕ್ಕೆ ‘ಬೆಳೆ, ಬೆಳೆ’ ಎನ್ನುವ ಸೂಚನೆ ನಿಲ್ಲದೆ ಹೋಗುತ್ತಿರುತ್ತದೆ.

ಇದಕ್ಕೆ ಒಂದು ಚಿಕಿತ್ಸೆ ಪ್ಲಾಕ್. ಅಯೋಡಿನ್-125 ಅಥವಾ ರುಥೇನಿಯಂ-106 ಇರುವ ಪುಟ್ಟ ಬಟ್ಟಲಿನಂಥ ಫಲಕವನ್ನು ಗಡ್ಡೆಯ ನೇರಕ್ಕೆ ಕಣ್ಣಿನ ಹೊರಗೋಡೆಗೆ ಹೊಲಿದು, ಕೆಲವು ದಿನ ಬಿಟ್ಟು ತೆಗೆಯುತ್ತಾರೆ. ಆದರೆ ಗಡ್ಡೆ ಕುಗ್ಗಲು ತಿಂಗಳುಗಳು, ಕೆಲವೊಮ್ಮೆ ವರ್ಷಗಳೇ ಬೇಕು. ಯಾಕೆಂದರೆ ವಿಕಿರಣ ಕೋಶವನ್ನು ಸುಡುವುದಿಲ್ಲ, ಅದರ ಡಿಎನ್‌ಎಯನ್ನು ಮುರಿಯುತ್ತದೆ. ಹಾಗೆ ಪೆಟ್ಟು ತಿಂದ ಕೋಶ ಸುಮ್ಮನಿರುವಷ್ಟು ಕಾಲ ಬದುಕಿದಂತೆಯೇ ಕಾಣುತ್ತದೆ. ಮೈಟಾಸಿಸ್‌ಗೆ ಹೊರಟಾಗ ಸಾಯುತ್ತದೆ. ನಿಧಾನವಾಗಿ ವಿಭಜನೆಯಾಗುವ ಗಡ್ಡೆ ನಿಧಾನವಾಗಿಯೇ ಕರಗುತ್ತದೆ. ಹಾಗಾಗಿ ವೈದ್ಯರು ಮೊದಲು ನೋಡುವುದು ಗಡ್ಡೆ ಮಾಯವಾಯಿತೇ ಎಂದಲ್ಲ, ಮತ್ತೆ ಬೆಳೆಯುತ್ತಿದೆಯೇ ಎಂದು. ಅದು ಗೊತ್ತಾಗುವುದು ಚೆಕಪ್‌ಗೆ ಹೋದರೆ ಮಾತ್ರ.

ಕಣ್ಣನ್ನೇ ತೆಗೆದರೆ ಹೆಚ್ಚು ಸುರಕ್ಷಿತ ಅಲ್ಲವೇ? ಅಮೆರಿಕ ಮತ್ತು ಕೆನಡಾದಲ್ಲಿ ಮಧ್ಯಮ ಗಾತ್ರದ ಗಡ್ಡೆಯಿದ್ದ 1,317 ರೋಗಿಗಳ ಮೇಲೆ ಇದನ್ನು ಪರೀಕ್ಷಿಸಿದರು. 5 ವರ್ಷಗಳ ನಂತರ ಕಣ್ಣು ತೆಗೆಸಿದವರಲ್ಲಿ ಶೇ. 81, ಪ್ಲಾಕ್ ಹಾಕಿಸಿಕೊಂಡವರಲ್ಲಿ ಶೇ. 82 ಮಂದಿ ಬದುಕಿದ್ದರು. ಆದರೆ ಕಣ್ಣು ಉಳಿದ ಮಾತ್ರಕ್ಕೆ ಅಪಾಯ ಮುಗಿಯಲಿಲ್ಲ. ವೈದ್ಯ-ಲೇಖಕ ಆಲಿವರ್ ಸ್ಯಾಕ್ಸ್ ಅವರಿಗೆ 2005ರಲ್ಲಿ ಈ ರೋಗ ಪತ್ತೆಯಾಯಿತು, ವಿಕಿರಣ ಚಿಕಿತ್ಸೆಯೂ ಆಯಿತು. ಸುಮಾರು ಒಂಬತ್ತು ವರ್ಷಗಳ ನಂತರ ಅದು ಯಕೃತ್ತಿನಲ್ಲಿ ಕಾಣಿಸಿಕೊಂಡು, 2015ರಲ್ಲಿ ಅವರು ತೀರಿಕೊಂಡರು. ಗಡ್ಡೆ ಕುಗ್ಗಲಿ, ಬಿಡಲಿ, ಚೆಕಪ್ ತಪ್ಪಿಸಬಾರದು ಎನ್ನುವುದಕ್ಕೆ ಇದೂ ಒಂದು ಕಾರಣ.

ಈಗ ನನ್ನ ಅಭಿಪ್ರಾಯ. ಕೋಶ ವಿಭಜನೆಯನ್ನು ನಾವು ಬಯಾಲಜಿಯಲ್ಲಿ ಓದುತ್ತೇವೆ, ನ್ಯೂಕ್ಲಿಯಸ್ ಬಗ್ಗೆ ಫಿಸಿಕ್ಸ್‌ನಲ್ಲಿ. ಎರಡನ್ನೂ ಬಾಯಿಪಾಠ ಮಾಡಿ ನೀಟ್‌ನಲ್ಲಿ ಟಿಕ್ ಹಾಕುತ್ತೇವೆ. ಮನೆಯಲ್ಲಿ ಯಾರಾದರೂ ಕಾಯಿಲೆ ಬಿದ್ದಾಗ ಎರಡೂ ಕೆಲಸಕ್ಕೆ ಬರುವುದಿಲ್ಲ. ನಮ್ಮದೇ ಭಾಭಾ ಅಣು ಸಂಶೋಧನಾ ಕೇಂದ್ರ ಅಣು ತ್ಯಾಜ್ಯದಿಂದ ರುಥೇನಿಯಂ ಬೇರ್ಪಡಿಸಿ ಕಣ್ಣಿನ ಪ್ಲಾಕ್ ತಯಾರಿಸಿದೆ. ಇದನ್ನು ನಮಗೆ ತರಗತಿಯಲ್ಲಿ ಯಾರೂ ಹೇಳಲಿಲ್ಲ. ಬಯಾಲಜಿ ಮತ್ತು ಫಿಸಿಕ್ಸ್ ಉಪನ್ಯಾಸಕರು ಸೇರಿ ಟರ್ಮ್‌ಗೆ ಒಂದು ಪೀರಿಯಡ್ ಇಂಥ ವಿಷಯಕ್ಕೆ ಕೊಡಬೇಕೆಂದು ಕೇಳಿಕೊಳ್ಳುತ್ತೇನೆ. ಆರ್ಟ್ಸ್, ಕಾಮರ್ಸ್‌ನವರೂ ಬರಲಿ. ಕಾಯಿಲೆ ಕಾಂಬಿನೇಷನ್ ನೋಡಿ ಬರುವುದಿಲ್ಲ.

ನಾನಿಯ ಕ್ಯಾನ್ಸರ್ ಬೇರೆ, ಅದರ ಲೆಕ್ಕವೂ ಬೇರೆ. ಆದರೂ ಪೆಟ್ಟು ತಿಂದ ಕೋಶದ ಕಥೆಯನ್ನು ನನಗೆ ಬಂದಂತೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಸಬರ್ ಮಾಡಬೇಕು ಅನ್ನು” ಎಂದರು. ಮುಂದಿನ ಚೆಕಪ್‌ಗೆ ನಾನೇ ಕರೆದುಕೊಂಡು ಹೋದೆ.