ಕತ್ತಲೆಯ ಸಭೆಯಲ್ಲಿ ಅಂಗೈ ಬೆಳಕು

ಚಿತ್ರಮಂದಿರಗಳಲ್ಲಿ ಮೊಬೈಲ್ ಗಂಟೆ ಬಾರಿಸುವುದು ಹತ್ತು ವರ್ಷಗಳ ಹಿಂದೆ ಇದ್ದಷ್ಟು ಈಗಿಲ್ಲ. ಬಹುತೇಕರು ಆಸನದಲ್ಲಿ ಕುಳಿತ ಕೂಡಲೇ ಅದನ್ನು ಸೈಲೆಂಟ್ ಮಾಡುತ್ತಾರೆ. ಅಲ್ಲಿಗೆ ತಮ್ಮ ಕರ್ತವ್ಯ ತೀರಿತೆಂದು ನಂಬುತ್ತಾರೆ. ಆದರೆ ಕೊಲ್ಹಾಪುರದ ಮಲ್ಟಿಪ್ಲೆಕ್ಸಿನಲ್ಲಾಗಲಿ, ಇಚಲಕರಂಜಿಯ ಹಳೆಯ ಟಾಕೀಸಿನಲ್ಲಾಗಲಿ ಹಿಂದಿನ ಸಾಲುಗಳಲ್ಲಿ ಕುಳಿತವರಿಗೆ ಬೇರೊಂದು ಸಂಗತಿ ಕಾಣುತ್ತದೆ. ದೊಡ್ಡ ಪರದೆಯ ಕೆಳಗೆ ಹತ್ತಾರು ಚಿಕ್ಕ ಪರದೆಗಳು ಹೊತ್ತಿಕೊಳ್ಳುತ್ತವೆ, ಆರುತ್ತವೆ, ಮತ್ತೆ ಹೊತ್ತಿಕೊಳ್ಳುತ್ತವೆ. ಒಬ್ಬರು ಸಮಯ ನೋಡುತ್ತಾರೆ, ಮತ್ತೊಬ್ಬರು ವಾಟ್ಸ್ಆ್ಯಪ್ ಸಂದೇಶ ಓದುತ್ತಾರೆ, ಇನ್ನೊಬ್ಬರು ಕ್ರಿಕೆಟ್ಟಿನ ಸ್ಕೋರ್ ನೋಡುತ್ತಾರೆ. ಸದ್ದಿಲ್ಲವಾದ್ದರಿಂದ ಇದು ಯಾರಿಗೂ ತೊಂದರೆಯಲ್ಲ ಎಂಬ ಗಟ್ಟಿಯಾದ ಭಾವನೆ ನಮ್ಮಲ್ಲಿದೆ. ಗಂಟೆಯ ಸದ್ದಿಗಿಂತ ಈ ಮೌನವಾದ ಬೆಳಕೇ ಹೆಚ್ಚಿನ ಅಪಚಾರವೆಂಬುದು ನನ್ನ ಅಭಿಪ್ರಾಯ.

ಇದು ಕೇವಲ ಅಭಿರುಚಿಯ ಮಾತಲ್ಲ. ಚಿತ್ರಮಂದಿರದ ಪರದೆಯ ಪ್ರಕಾಶಕ್ಕೆ ಚಲನಚಿತ್ರ ತಂತ್ರಜ್ಞರು ಒಪ್ಪಿಕೊಂಡ ಒಂದು ಅಳತೆಯಿದೆ: ಚದರ ಮೀಟರಿಗೆ 48 ಕ್ಯಾಂಡೆಲಾ. ಈಗಿನ ಸಾಧಾರಣ ಬೆಲೆಯ ಮೊಬೈಲಿನ ಪರದೆಯೂ ಪೂರ್ಣ ಪ್ರಕಾಶದಲ್ಲಿ 400–500 ಕ್ಯಾಂಡೆಲಾವನ್ನು ಸುಲಭವಾಗಿ ಮುಟ್ಟುತ್ತದೆ. ಎಂದರೆ ನಾವು ಹಣ ಕೊಟ್ಟು ನೋಡಲು ಬಂದ ಪರದೆಗಿಂತ ಪಕ್ಕದವರ ಅಂಗೈಯ ಪರದೆ ಎಂಟು ಹತ್ತು ಪಟ್ಟು ಪ್ರಖರವಾಗಿರಬಲ್ಲದು. ಕಣ್ಣು ಕತ್ತಲೆಗೆ ಪೂರ್ತಿಯಾಗಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ಆ ಹೊಂದಿಕೆಯನ್ನು ಕೆಡಿಸಲು ಒಂದೆರಡು ಕ್ಷಣದ ಬೆಳಕು ಸಾಕು. ಸದ್ದಾದರೆ ಒಮ್ಮೆ ಕೇಳಿ ಮುಗಿಯುತ್ತದೆ. ಬೆಳಕು ಹಾಗಲ್ಲ, ಕಣ್ಣಂಚಿನಲ್ಲಿ ಮಿನುಗಿದ್ದರ ಕಡೆಗೆ ನೋಟ ತಾನಾಗಿ ಹೊರಳುತ್ತದೆ, ನೋಡಬಾರದೆಂದು ನಿಶ್ಚಯಿಸಿದರೂ ಹೊರಳುತ್ತದೆ. ಸಂದೇಶ ಓದಿದವರು ಒಬ್ಬರು, ಅದಕ್ಕಾಗಿ ಚಿತ್ರದಿಂದ ಹೊರಬಿದ್ದವರು ಹಿಂದಿನ ಮೂರು ಸಾಲಿನವರು.

ನಮ್ಮ ವಿಭಾಗದ ವಿದ್ಯಾರ್ಥಿಗಳಿಗೆ ಈ ವಿಷಯ ಕಾವ್ಯಮೀಮಾಂಸೆಯ ತರಗತಿಯಲ್ಲಿಯೇ ಪರಿಚಿತವಾದುದು. ಅಭಿನವಗುಪ್ತನು ‘ಅಭಿನವಭಾರತಿ’ಯಲ್ಲಿ ರಸಾನುಭವಕ್ಕೆ ಅಡ್ಡಿಯಾಗುವ ಏಳು ವಿಘ್ನಗಳನ್ನು ಹೇಳುತ್ತಾನೆ. ಅವುಗಳಲ್ಲಿ ಒಂದು ‘ನಿಜಸುಖಾದಿವಿವಶೀಭಾವ’: ಪ್ರೇಕ್ಷಕನು ತನ್ನ ಸ್ವಂತ ಸುಖದುಃಖಗಳಿಗೆ ಪರವಶನಾಗಿ ಕುಳಿತಿರುವ ಸ್ಥಿತಿ. ಮನೆಯ ಚಿಂತೆಯನ್ನೋ ವ್ಯಾಪಾರದ ಲಾಭವನ್ನೋ ತಲೆಯಲ್ಲಿ ತುಂಬಿಕೊಂಡು ಬಂದವನಿಗೆ ರಂಗದ ಮೇಲಿನ ಶೋಕವೂ ಹಾಸ್ಯವೂ ತಟ್ಟುವುದಿಲ್ಲ. ಗೀತ, ವಾದ್ಯ, ಅಲಂಕೃತವಾದ ನಾಟ್ಯಮಂಟಪ ಇವೆಲ್ಲ ಅವನನ್ನು ಅವನಿಂದ ಬಿಡಿಸಲು ಇರುವ ಉಪಾಯಗಳೆಂದು ಆತ ವಿವರಿಸುತ್ತಾನೆ. ಚಿತ್ರಮಂದಿರದ ಕತ್ತಲೆಯೂ ಅಂತಹದೇ ಒಂದು ಉಪಾಯ. ಇನ್ನು ಮೊಬೈಲ್ ಫೋನಾದರೋ ಮನೆ, ಕಚೇರಿ, ಸಾಲ, ನೆಂಟಸ್ತಿಕೆ, ಜಗಳಗಳನ್ನೆಲ್ಲ ಒಂದೇ ಪೆಟ್ಟಿಗೆಯಲ್ಲಿಟ್ಟು ಕಿಸೆಗೆ ಸೇರಿಸಿದ ಸಾಧನ. ಅದನ್ನು ತೆರೆದ ಗಳಿಗೆಯಲ್ಲಿ ತೆರೆದವನ ರಸಭಂಗವಾಗುವುದು ಅವನ ಇಷ್ಟಕ್ಕೆ ಬಿಟ್ಟದ್ದು. ಇಲ್ಲಿ ಅವನ ಪೆಟ್ಟಿಗೆಯ ಬೆಳಕು ಪರರ ಸಾಧಾರಣೀಕರಣವನ್ನೂ ಕೆಡಿಸುತ್ತದೆಯೆಂಬುದೇ ಆಕ್ಷೇಪ.

ಭರತನು ‘ನಾಟ್ಯಶಾಸ್ತ್ರ’ದ ಸಿದ್ಧಿಯ ಅಧ್ಯಾಯದಲ್ಲಿ ಪ್ರಯೋಗಕ್ಕೆ ಒದಗುವ ಘಾತಗಳನ್ನು ಪಟ್ಟಿಮಾಡಿದ್ದಾನೆ. ಗಾಳಿ, ಬೆಂಕಿ, ಮಳೆ, ಆನೆ, ಹಾವುಗಳಿಂದ ಬರುವ ದೈವಿಕ ಘಾತಗಳು ಒಂದು ಬಗೆ. ವಿರೋಧಿಗಳು ಬೇಕೆಂದೇ ಮಾಡುವ ಘಾತಗಳು ಮತ್ತೊಂದು: ಅತಿಯಾಗಿ ನಗುವುದು, ಅಳುವುದು, ಸಗಣಿ, ಮಣ್ಣಹೆಂಟೆ, ಇರುವೆಗಳನ್ನು ಎಸೆಯುವುದು. ಇರುವೆ ಎಸೆಯುವ ಪ್ರೇಕ್ಷಕರನ್ನು ಕಂಡ ಶಾಸ್ತ್ರಕಾರನಿಗೆ ಕೂಡ, ಯಾವ ದ್ವೇಷವೂ ಇಲ್ಲದೆ, ಟಿಕೆಟ್ ಕೊಂಡು ಬಂದು, ನಾಯಕನ ಅಭಿಮಾನಿಯೇ ಆಗಿದ್ದುಕೊಂಡು ಪ್ರಯೋಗವನ್ನು ಕೆಡಿಸುವ ಪ್ರೇಕ್ಷಕ ಹೊಳೆದಿರಲಿಲ್ಲ.

ಇಲ್ಲೊಂದು ಆಕ್ಷೇಪವನ್ನು ಎದುರಿಸಬೇಕು. ನಮ್ಮ ಟಾಕೀಸುಗಳು ಎಂದಾದರೂ ಮೌನವಾಗಿದ್ದವೇ? ಜಾತ್ರೆಯ ಟೂರಿಂಗ್ ಟಾಕೀಸಿನಲ್ಲಿ ಮಕ್ಕಳ ಅಳು, ಕಡಲೆಕಾಯಿಯ ಸಿಪ್ಪೆ, ಬೀಡಿಯ ಹೊಗೆ ಎಲ್ಲ ಇದ್ದವು. ನಾಯಕನ ಪ್ರವೇಶಕ್ಕೆ ಶಿಳ್ಳೆ ಬೀಳುತ್ತಿತ್ತು, ಚಿಲ್ಲರೆ ಕಾಸು ಪರದೆಯತ್ತ ಹಾರುತ್ತಿತ್ತು. ಕಂಪನಿ ನಾಟಕಗಳಲ್ಲಿ ‘ಒನ್ಸ್ ಮೋರ್’ ಕೂಗಿ ಒಂದೇ ಹಾಡನ್ನು ಎರಡು ಮೂರು ಸಲ ಹಾಡಿಸುತ್ತಿದ್ದರು. ಹೀಗಿರುವಾಗ ಮೊಬೈಲ್ ಒಂದರ ಮೇಲೆ ಮಾತ್ರ ಸಿಟ್ಟೇಕೆ? ಇದು ಪಾಶ್ಚಾತ್ಯರ ಸಭಾಮರ್ಯಾದೆಯನ್ನು ನಮ್ಮ ಮೇಲೆ ಹೇರಿದಂತಲ್ಲವೇ?

ಅಲ್ಲವೆಂದು ನನಗೆ ತೋರುತ್ತದೆ. ಶಿಳ್ಳೆ ಹಾಕುವವನು ಚಿತ್ರದ ಒಳಗಿದ್ದಾನೆ. ಇಡೀ ಸಭೆಯ ಉತ್ಸಾಹವೇ ಅವನ ಬಾಯಿಂದ ಹೊರಡುತ್ತದೆ. ‘ಒನ್ಸ್ ಮೋರ್’ ಎಂದವನಿಗೆ ಹಾಡು ಇನ್ನಷ್ಟು ಬೇಕಾಗಿತ್ತು. ಮೊಬೈಲ್ ನೋಡುವವನಿಗೆ ಚಿತ್ರವೇ ಬೇಕಾಗಿಲ್ಲ, ಆದರೂ ಅವನು ಅಲ್ಲಿದ್ದಾನೆ. ಸಭೆಯಲ್ಲಿ ಗದ್ದಲವಿರಬಹುದು, ಆದರೆ ಆ ಗದ್ದಲದ ಮುಖ ಪರದೆಯ ಕಡೆಗಿರಬೇಕು. ಈ ಭೇದವನ್ನು ಮರೆತು ಶಿಳ್ಳೆಯನ್ನೂ ಮೊಬೈಲನ್ನೂ ಒಂದೇ ತಕ್ಕಡಿಯಲ್ಲಿ ತೂಗುವವರು ಎರಡಕ್ಕೂ ಅನ್ಯಾಯ ಮಾಡುತ್ತಾರೆ.

ಪಾಶ್ಚಾತ್ಯರ ಮಾತು ಬಂತೆಂದು ಹೇಳುತ್ತೇನೆ: ಅವರಲ್ಲಿಯೂ ಈ ವಿಷಯ ಬಗೆಹರಿದಿಲ್ಲ. ನ್ಯೂಯಾರ್ಕ್ ನಗರಸಭೆ 2003ರಲ್ಲಿ, ಜಾರಿ ಕಷ್ಟವೆಂದು ಮೇಯರ್ ತಡೆದರೂ ಲೆಕ್ಕಿಸದೆ, ರಂಗಮಂದಿರ ಚಿತ್ರಮಂದಿರಗಳಲ್ಲಿ ಮೊಬೈಲ್ ಬಳಕೆಗೆ 50 ಡಾಲರ್ ದಂಡವನ್ನು ವಿಧಿಸಿತು. 2016ರಲ್ಲಿ ಅಮೆರಿಕದ ದೊಡ್ಡ ಚಿತ್ರಮಂದಿರ ಸಂಸ್ಥೆ ಎ.ಎಂ.ಸಿ.ಯ ಮುಖ್ಯಸ್ಥರು, ಯುವಕರನ್ನು ಸೆಳೆಯಲು ಕೆಲವು ಪ್ರದರ್ಶನಗಳಲ್ಲಿ ಸಂದೇಶ ಕಳಿಸಲು ಅವಕಾಶ ಕೊಡುವ ಯೋಚನೆಯಿದೆ ಎಂದರು. ಪ್ರೇಕ್ಷಕರು ಎಷ್ಟು ಕೆರಳಿದರೆಂದರೆ ಕೆಲವೇ ದಿನಗಳಲ್ಲಿ ಆ ಯೋಚನೆಯನ್ನು ಕೈಬಿಟ್ಟರು. ಯುವಕರು ಮೊಬೈಲ್ ಬಿಟ್ಟಿರಲಾರರು ಎಂದು ನಾವು ಹಿರಿಯರೂ ಆಗಾಗ ಗೊಣಗುತ್ತೇವೆ. ಆದರೆ ನಮ್ಮ ಸಭೆ ಸಮಾರಂಭಗಳಲ್ಲಿ ಅತಿಥಿಗಳ ಭಾಷಣ ನಡೆದಿರುವಾಗ ವೇದಿಕೆಯ ಮೇಲೆಯೇ ಕುಳಿತು ಅಂಗೈ ದಿಟ್ಟಿಸುವವರು ವಿದ್ಯಾರ್ಥಿಗಳಂತೂ ಅಲ್ಲ.

ಕೊಲ್ಹಾಪುರ ಸೀಮೆಯಲ್ಲಿರುವ ಕನ್ನಡಿಗರಾದ ನಮಗೆ ಈ ವಿಷಯ ಇನ್ನೂ ಒಂದು ಕಾರಣಕ್ಕೆ ಹತ್ತಿರವಾದುದು. ಕನ್ನಡದಲ್ಲಿ ಮೊದಲು ತೆರೆಕಂಡ ವಾಕ್ಚಿತ್ರ ‘ಸತಿ ಸುಲೋಚನಾ’ 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ಬಿಡುಗಡೆಯಾಯಿತು. ಆದರೆ ಅದು ತಯಾರಾದದ್ದು ಕೊಲ್ಹಾಪುರದ ಛತ್ರಪತಿ ಸ್ಟುಡಿಯೋದಲ್ಲಿ. ವೈ.ವಿ. ರಾವ್ ಅವರ ನಿರ್ದೇಶನದಲ್ಲಿ ಸುಬ್ಬಯ್ಯ ನಾಯ್ಡು, ತ್ರಿಪುರಾಂಬ, ಆರ್. ನಾಗೇಂದ್ರರಾವ್ ಮೊದಲಾದವರು ಇಲ್ಲಿಗೆ ಬಂದು ಅಭಿನಯಿಸಿದರು. ಭಾರತದಲ್ಲಿ ಹಿನ್ನೆಲೆ ಗಾಯನ ಬಂದದ್ದು 1935ರಲ್ಲಿ. ಅದಕ್ಕೆ ಮೊದಲು ನಟರು ಕ್ಯಾಮರಾದ ಎದುರಿನಲ್ಲಿಯೇ ಮಾತನಾಡಬೇಕು, ಅಲ್ಲಿಯೇ ಹಾಡಬೇಕು. ಒಬ್ಬ ಕೆಲಸಗಾರ ಕೆಮ್ಮಿದರೂ, ಹೊರಗೆ ಎತ್ತಿನಗಾಡಿಯ ಗೆಜ್ಜೆ ಕೇಳಿದರೂ ಆ ತುಂಡನ್ನು ಮತ್ತೆ ಚಿತ್ರಿಸಬೇಕು. ಪರದೆಯ ಮೇಲೆ ಕನ್ನಡ ಮೊದಲು ಕೇಳಿಸಿದ್ದು ಈ ಊರಿನ ಎಷ್ಟೋ ಮಂದಿ ಅನಾಮಿಕರು ಉಸಿರು ಹಿಡಿದು ಸುಮ್ಮನಿದ್ದುದರಿಂದ; ಅವರಲ್ಲಿ ಹೆಚ್ಚಿನವರಿಗೆ ಕನ್ನಡ ಬರುತ್ತಲೂ ಇರಲಿಲ್ಲವೇನೋ. ಆ ಚಿತ್ರದ ಪ್ರತಿ ಇಂದು ಉಳಿದಿಲ್ಲ.

ರಂಗಭೂಮಿಯ ನೆನಪೂ ಇಲ್ಲಿ ಬರುತ್ತದೆ. ಕೊಲ್ಹಾಪುರದ ಕೇಶವರಾವ್ ಭೋಸಲೆ ತಮ್ಮ ‘ಲಲಿತಕಲಾದರ್ಶ’ ನಾಟಕ ಮಂಡಳಿಯನ್ನು 1908ರಲ್ಲಿ ಸ್ಥಾಪಿಸಿದ್ದು ನಮ್ಮ ಹುಬ್ಬಳ್ಳಿಯಲ್ಲಿ. ಅವರ ಹೆಸರಿನ ನಾಟ್ಯಗೃಹವನ್ನು ಶಾಹೂ ಮಹಾರಾಜರು ಖಾಸಬಾಗ ಕುಸ್ತಿ ಮೈದಾನದ ಪಕ್ಕದಲ್ಲಿ ‘ಪ್ಯಾಲೇಸ್ ಥಿಯೇಟರ್’ ಎಂದು ಕಟ್ಟಿಸಿದ್ದು. 1915ರಲ್ಲಿ ಅದು ಆರಂಭವಾದಾಗ ನಟರಿಗೆ ಧ್ವನಿವರ್ಧಕವಿರಲಿಲ್ಲ. ಕೊನೆಯ ಸಾಲಿನವರೆಗೆ ಪದ ತಲುಪಬೇಕಾದರೆ ಗಾಯಕನ ಕಂಠದಷ್ಟೇ ಕೇಳುಗರ ಸಂಯಮವೂ ಬೇಕಾಗಿತ್ತು. 2024ರ ಆಗಸ್ಟ್ 8ರ ರಾತ್ರಿ ಆ ನಾಟ್ಯಗೃಹ ಬೆಂಕಿಗೆ ಆಹುತಿಯಾದಾಗ ಊರಿಗೆ ಊರೇ ಮರುಗಿತು. ಕಟ್ಟಡಕ್ಕಾಗಿ ಅಷ್ಟು ಮರುಗಬಲ್ಲ ಜನ, ಅದರೊಳಗೆ ಕುಳಿತುಕೊಳ್ಳುವ ರೀತಿಯ ಬಗೆಗೂ ಸ್ವಲ್ಪ ಯೋಚಿಸಬಲ್ಲರು.

ಮರಾಠಿ ನಟರು ಯೋಚಿಸಿಯೂ ಇದ್ದಾರೆ. 2019ರಲ್ಲಿ ಸುಬೋಧ ಭಾವೆ, ಪ್ರಯೋಗದ ನಡುವೆ ಮತ್ತೆ ಮತ್ತೆ ಮೊಬೈಲ್ ಸದ್ದಾದುದಕ್ಕೆ ಬೇಸತ್ತು, ನಾಟಕದಲ್ಲಿ ನಟಿಸುವುದನ್ನೇ ಬಿಡಬೇಕಾದೀತೆಂದು ಬಹಿರಂಗವಾಗಿ ಬರೆದರು. ಅದೇ ವರ್ಷ ಸುಮೀತ್ ರಾಘವನ್ ನಾಶಿಕದಲ್ಲಿ ಪ್ರಯೋಗವನ್ನು ನಡುವೆಯೇ ನಿಲ್ಲಿಸಿದರು. ನಾಟಕದ ನಟನಿಗೆ ಈ ಅಧಿಕಾರವಾದರೂ ಇದೆ. ಸಿನಿಮಾದ ನಟ ಪರದೆಯಿಂದ ಇಳಿದು ಬಂದು ಕೇಳಲಾರ. ಆದ್ದರಿಂದ ಚಿತ್ರಮಂದಿರದಲ್ಲಿ ಹೇಳಬೇಕಾದವರು ಪ್ರೇಕ್ಷಕರೇ. ಅವರು ಜಗಳಕ್ಕೆ ಹೆದರಿ ಸುಮ್ಮನಿರುತ್ತಾರೆ. ಇಚಲಕರಂಜಿಯ ಒಂದು ಚಿತ್ರಮಂದಿರದಲ್ಲಿ, ಚಿತ್ರದ ಅತ್ಯಂತ ಕರುಣಾಜನಕ ಸನ್ನಿವೇಶದಲ್ಲಿ ನೂಲಿನ ದರವನ್ನು ಕುರಿತು ಮಾತನಾಡುತ್ತಿದ್ದ ಒಬ್ಬ ಗೃಹಸ್ಥರಿಗೆ ‘ಸ್ವಲ್ಪ ಹೊರಗೆ ಹೋಗಿ ಮಾತಾಡ್ರಿ’ ಎಂದು ವಿನಯದಿಂದಲೇ ಕೇಳಿಕೊಂಡೆ. ‘ನಾನೂ ರೊಕ್ಕಾ ಕೊಟ್ಟೇ ಬಂದೀನ್ರಿ’ ಎಂಬ ಉತ್ತರ ಬಂತು. ಈ ಉತ್ತರದಲ್ಲಿಯೇ ರೋಗದ ಮೂಲವಿದೆ. ಟಿಕೆಟ್ ಎಂದರೆ ಒಂದು ಆಸನದ ಬಾಡಿಗೆ ಎಂದು ಅವರು ತಿಳಿದಿದ್ದರು. ಆಸನಕ್ಕಿಂತ ಹೆಚ್ಚಾಗಿ ನಾವೆಲ್ಲ ಸೇರಿ ಕೊಂಡದ್ದು ಆ ಕತ್ತಲೆಯನ್ನು. ಅದನ್ನು ಪಾಲು ಮಾಡಿ ಹಂಚಲು ಬರುವುದಿಲ್ಲ.

ಗಡಹಿಂಗ್ಲಜದ ನಮ್ಮ ವಿದ್ಯಾರ್ಥಿಗಳಿಗೆ ಈ ಕತ್ತಲೆಯ ಬೆಲೆ ಇನ್ನೂ ಹೆಚ್ಚು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಮೊಬೈಲಿನಲ್ಲಿ ಹಿಂದಿ. ನೂರಾರು ಜನರ ನಡುವೆ ಕುಳಿತು ಕನ್ನಡವನ್ನು ದೊಡ್ಡದಾಗಿ ಕೇಳುವ ಅವಕಾಶ ಅವರಿಗೆ ವರ್ಷಕ್ಕೆ ಕೆಲವು ಸಲ ಸಿಕ್ಕರೆ ಹೆಚ್ಚು. ‘ಕೆ.ಜಿ.ಎಫ್.’, ‘ಕಾಂತಾರ’ದಂತಹ ಚಿತ್ರಗಳೂ ಮಹಾರಾಷ್ಟ್ರದ ಪರದೆಗಳಿಗೆ ಹೆಚ್ಚಾಗಿ ಹಿಂದಿಯಲ್ಲಿಯೇ ಬಂದವು. ಕನ್ನಡದಲ್ಲಿಯೇ ನೋಡಬೇಕೆಂಬ ಹಟದಿಂದ ಗೆಳೆಯರ ಗುಂಪು ಕಟ್ಟಿಕೊಂಡು ನಿಪ್ಪಾಣಿ, ಬೆಳಗಾವಿಯ ಕಡೆಗೆ ಹೋಗುವವರಿದ್ದಾರೆ. ಜೊತೆಗೆ ಬಂದ ಮರಾಠಿ ಗೆಳೆಯ ಕೆಳಗಿನ ಉಪಶೀರ್ಷಿಕೆಗಳನ್ನು ಓದಿ ಕಥೆಯನ್ನು ಹಿಂಬಾಲಿಸುತ್ತಿರುತ್ತಾನೆ. ಮುಂದಿನ ಸಾಲಿನಲ್ಲಿ ಒಂದು ಮೊಬೈಲ್ ಹೊತ್ತಿದರೆ ಅವನಿಗೆ ಒಂದು ಸಾಲು ತಪ್ಪಿತು, ಆ ಸಾಲಿನೊಂದಿಗೆ ಕನ್ನಡದ ಒಂದು ಮಾತೂ ತಪ್ಪಿತು.

ಮೊಬೈಲನ್ನು ಮೇಲಕ್ಕೆತ್ತಿ ನಾಯಕನ ಪ್ರವೇಶವನ್ನೋ ಕೊನೆಯ ದೃಶ್ಯವನ್ನೋ ಚಿತ್ರಿಸಿ ‘ಸ್ಟೇಟಸ್’ಗೆ ಹಾಕುವವರ ಬಗೆಗೆ ಹೆಚ್ಚು ಬರೆಯುವ ಅಗತ್ಯವಿಲ್ಲ. ಅದು ಅಭಿಮಾನವೆಂದು ತಿಳಿದವರು 2023ರಲ್ಲಿ ತಿದ್ದುಪಡಿಯಾದ ಸಿನಿಮಾಟೋಗ್ರಾಫ್ ಕಾಯ್ದೆಯನ್ನು ತಿಳಿಯಬೇಕು: ಅನುಮತಿಯಿಲ್ಲದೆ ಚಿತ್ರಮಂದಿರದಲ್ಲಿ ಚಿತ್ರವನ್ನು ಮುದ್ರಿಸಿಕೊಳ್ಳುವುದಕ್ಕೆ ಕನಿಷ್ಠ 3 ತಿಂಗಳಿನಿಂದ 3 ವರ್ಷದವರೆಗೆ ಸೆರೆವಾಸ, ಕನಿಷ್ಠ 3 ಲಕ್ಷ ರೂಪಾಯಿ ದಂಡವಿದೆ.

ಹಾಗಾದರೆ ಉಪಾಯವೇನು? ಸಂಕೇತವನ್ನೇ ತಡೆಯುವ ಜಾಮರ್ ಯಂತ್ರ ಹಾಕಿಬಿಡಿ ಎನ್ನುವವರಿದ್ದಾರೆ. ಕೇಂದ್ರ ಸರ್ಕಾರದ ಅನುಮತಿಯಿಲ್ಲದೆ ಖಾಸಗಿಯವರು ಅದನ್ನು ಇಡುವಂತೆಯೇ ಇಲ್ಲ. ಇಡಲು ಬರುವಂತಿದ್ದರೂ ನಾನು ಒಪ್ಪಲಾರೆ. ನಾಟ್ಯಗೃಹವೊಂದು ಉರಿದುದನ್ನು ಕಂಡ ಊರು ನಮ್ಮದು. ತುಂಬಿದ ಸಭೆಯಿಂದ ಅಗ್ನಿಶಾಮಕ ದಳಕ್ಕೆ ಕರೆ ಹೋಗಲಾರದೆಂಬ ಸ್ಥಿತಿ ಯಾರಿಗೂ ಬೇಡ. ಮೊಬೈಲ್ ಬಿಟ್ಟಿರಲು ನಿಜವಾಗಿಯೂ ಆಗದವರೂ ಇದ್ದಾರೆ. ಸರದಿಯ ಕರೆಗೆ ಕಾಯುವ ದಾದಿ, ಮನೆಯಲ್ಲಿ ಕಾಯಿಲೆಯವರನ್ನು ಬಿಟ್ಟುಬಂದ ಮಗಳು, ‘ಜೊತೆಗಾರ ಬಂದಿಲ್ಲ, ಪಾಳಿಗೆ ಬಾ’ ಎಂದು ಯಾವಾಗ ಕರೆ ಬಂದೀತೋ ತಿಳಿಯದ ಇಚಲಕರಂಜಿಯ ಮಗ್ಗದ ಕೆಲಸಗಾರ. ದಿನವೆಲ್ಲ ಪವರ್‌ಲೂಮಿನ ಆರ್ಭಟದಲ್ಲಿ ಕಳೆಯುವ ಆ ಕೆಲಸಗಾರನಿಗೆ ಎರಡೂವರೆ ಗಂಟೆ ಇನ್ನೊಬ್ಬರ ಕಥೆ ಕೇಳುವ ಸುಖ ಬೇಕು. ಕರೆ ತಪ್ಪಿದರೆ ಅವನ ಕೂಲಿಯೂ ತಪ್ಪೀತು. ಅವನನ್ನು ಅಸಭ್ಯನೆಂದು ಹಳಿಯುವ ಸಭ್ಯತೆ ನನಗೆ ಬೇಡ. ಅಂತಹವರಿಗಾಗಿ ಪ್ರತಿ ಸಾಲಿನ ತುದಿಯ ಆಸನಗಳನ್ನು ಬಿಡಲಿ. ಫೋನು ಕಿಸೆಯಲ್ಲಿ ನಡುಗಿದರೆ ಯಾರ ಮೊಣಕಾಲನ್ನೂ ತುಳಿಯದೆ ಎದ್ದು, ಬಾಗಿಲ ಹೊರಗೆ ಹೋಗಿ ತೆರೆದು ನೋಡಬಹುದು.

ಎರಡನೆಯದಾಗಿ, ಹಳೆಯ ಟಾಕೀಸುಗಳಲ್ಲಿದ್ದ ಬ್ಯಾಟರಿಯವನನ್ನು ಮರಳಿ ಕರೆಯಬೇಕು. ಕತ್ತಲೆಯಲ್ಲಿ ಬೆಳಕು ಹಿಡಿಯುವ ವಿದ್ಯೆ ಗೊತ್ತಿದ್ದವನು ಅವನೊಬ್ಬನೇ. ಬೆಳಕನ್ನು ಎಂದೂ ಮುಖದ ಮಟ್ಟಕ್ಕೆ ಎತ್ತುತ್ತಿರಲಿಲ್ಲ. ಗಾಜಿನ ಮೇಲೆ ಬೆರಳಿಟ್ಟು, ಬರುವವರ ಹೆಜ್ಜೆಯ ಮುಂದೆ ಒಂದು ಗೇಣಿನಷ್ಟು ನೆಲವನ್ನು ಮಾತ್ರ ತೋರಿಸಿ ಆರಿಸುತ್ತಿದ್ದ. ಗಲಾಟೆ ಮಾಡಿದವನ ಕಾಲ ಬಳಿಗೆ ಆ ಬೆಳಕು ಬಂದು ನಿಂತರೆ ಸಾಕು, ಮಾತು ಬೇಕಾಗುತ್ತಿರಲಿಲ್ಲ. ಅವನ ಸಂಬಳವನ್ನು ಉಳಿಸಿದ ಮಾಲಕರು ಪರದೆಯ ಮೇಲೆ ಒಂದು ಸೂಚನೆ ಹಾಕಿ ಕೈತೊಳೆದುಕೊಂಡಿದ್ದಾರೆ. ಆ ಸೂಚನೆಯನ್ನೂ ಜನ ಮೊಬೈಲ್ ನೋಡುತ್ತಲೇ ದಾಟಿಸುತ್ತಾರೆ.

ಮಾಲಕರು ಕೇಳುವವರೆಗೆ ನಾವು ಕಾಯಬೇಕಾಗಿಲ್ಲ. ನಮ್ಮ ವಿಭಾಗದಲ್ಲಿ ಇನ್ನು ಮುಂದೆ ಕನ್ನಡ ಚಿತ್ರ ಪ್ರದರ್ಶನ ಏರ್ಪಟ್ಟಾಗ ತುದಿಯ ಆಸನಗಳನ್ನು ಮೊದಲೇ ಕೇಳಿದವರಿಗೆ ಕಾದಿರಿಸೋಣ, ಎಂ.ಎ. ತರಗತಿಯ ಇಬ್ಬರು ಸರದಿಯಂತೆ ಕೈಯಲ್ಲಿ ಬ್ಯಾಟರಿ ಹಿಡಿದು ಬಾಗಿಲ ಬಳಿ ನಿಲ್ಲಲಿ. ಮುಂದಿನ ಸಾಲಿನಲ್ಲಿ ಕುಳಿತ ಅಧ್ಯಾಪಕರ ಕಾಲ ಬಳಿಗೂ ಆ ಬೆಳಕನ್ನು ಹಿಡಿಯಲು ಅವರಿಗೆ ಅಧಿಕಾರವಿರಲಿ.