ಮೂರು ಪಟ್ಟಿನ ಮೂಢನಂಬಿಕೆ

ಲಾಸ್ ವೇಗಸ್‌ನ ಅಗ್ಗದ ಪೋಕರ್ ಟೂರ್ನಿಗಳಲ್ಲಿ ಸದಾ ಬಿಗ್ ಬ್ಲೈಂಡಿನ ಮೂರು ಪಟ್ಟು ಕಟ್ಟಿದರೆ ಸಾಕು ಎಂಬ ಕಳೆದ ಸಂಚಿಕೆಯ ಲೇಖನ ಎದುರಾಳಿಗಳನ್ನೇ ಮರೆತಿದೆ. ಉದಾಹರಣೆಗೆ, ಎಲೆ ಹಂಚುವ ಮುನ್ನವೇ ಇಬ್ಬರು ಕಟ್ಟಲೇಬೇಕಾದ ಬ್ಲೈಂಡು 100-200. ಮೂವರು ಆಗಲೇ 200 ಹಾಕಿ ಕೂತಿದ್ದಾರೆ, ನಿಮಗೆ ರಾಜನ ಜೋಡಿ ಬಂದಿದೆ. 600 ಕಟ್ಟಿದರೆ ಯಾರು ಎಲೆ ಬಿಸಾಡುತ್ತಾರೆ? ಇನ್ನು 400 ತಾನೇ ಅಂತ ಎಲ್ಲರೂ ಒಳಗೆ! ಬ್ಲೈಂಡಿನವರೂ ಸೇರಿ ಐವರು ಉಳಿದರೆ ಆ ಜೋಡಿ ಗೆಲ್ಲುವುದಕ್ಕಿಂತ ಸೋಲುವುದೇ ಹೆಚ್ಚು. ಅಲ್ಲಿ 1,200 ಕಟ್ಟಬೇಕು. ನಿಮ್ಮ ಬಳಿ ಉಳಿದಿರುವುದೇ 2,000 ಆದರೆ ಅಷ್ಟನ್ನೂ ಮುಂದಿಡಿ.

ಹೆದರಿಸಿ ಗೆಲ್ಲಿ ಎಂದೂ ಆ ಲೇಖಕರು ಬರೆದಿದ್ದಾರೆ. ಜುಜುಬಿ ಜೋಡಿ ಹಿಡಿದವನೂ ಜಗ್ಗದ ಮೇಜಿನಲ್ಲಿ ಹೆದರುವವರು ಯಾರು ಸ್ವಾಮಿ? ಹೊಸಬರು ದಯವಿಟ್ಟು ಈ ಸೂತ್ರ ನಂಬಿ ದುಡ್ಡು ಕಳೆದುಕೊಳ್ಳಬೇಡಿ.