ಹಳೆಯ ಗಣಕಯಂತ್ರಗಳ ಸದ್ವಿನಿಯೋಗ

ಮೈಕ್ರೋಸಾಫ್ಟ್ ಕಂಪನಿಯವರು 2015ರಲ್ಲಿ ಹೊರತಂದ ವಿಂಡೋಸ್ 10ಕ್ಕೆ ತಮ್ಮ ಸಾಮಾನ್ಯ ಬೆಂಬಲವನ್ನು 2025ರ ಅಕ್ಟೋಬರ್ 14ರಂದು ನಿಲ್ಲಿಸಿದರು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆಯೂ ಈಚಿನ ಪ್ರೊಸೆಸರೂ ಬೇಕೆಂದು ವಿಧಿಸಿರುವುದರಿಂದ, 2017ಕ್ಕೆ ಮುಂಚಿನ ಬಹುತರ ಯಂತ್ರಗಳು ಅನರ್ಹವೆನಿಸಿವೆ. ಕೀಲಿಮಣೆ ಸವೆದಿಲ್ಲ, ಪರದೆ ಮಂಕಾಗಿಲ್ಲ. ಆದರೂ ಯಂತ್ರಕ್ಕೆ ಮರಣಶಾಸನ ಬರೆದಾಗಿದೆ. ಈ ತೀರ್ಪನ್ನು ನಮ್ಮ ಪಾಠಶಾಲೆಗಳೂ ಕಚೇರಿಗಳೂ ತಲೆಬಾಗಿ ಒಪ್ಪಬೇಕೆ?

ಒಪ್ಪಬೇಕಾದುದಿಲ್ಲವೆಂದು ನಾವು ದೃಢವಾಗಿ ಹೇಳುವೆವು. ಹಳೆಯ ಯಂತ್ರವು ತಡವರಿಸುವುದು ಬಹುಮಟ್ಟಿಗೆ ಮುಪ್ಪಿನಿಂದಲ್ಲ, ಅದರ ಮೇಲೆ ಹೇರಿದ ತಂತ್ರಾಂಶದ ಹೊರೆಯಿಂದ. ಮೂಗಿಗಿಂತ ಮೂಗುತಿ ಭಾರವಾದರೆ ಮೂಗನ್ನು ಕೊಯ್ಯುವವರುಂಟೆ? 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸನ್ನು ಆಧರಿಸಿ ಲುಬುಂಟು, ಆಂಟಿಎಕ್ಸ್ ಮೊದಲಾದ ಹಗುರ ವ್ಯವಸ್ಥೆಗಳು ಬೆಳೆದು, ಉಚಿತವಾಗಿ ದೊರೆಯುತ್ತಿವೆ. 4 ಜಿಬಿ ರ‍್ಯಾಮ್ ಉಳ್ಳ, ಹತ್ತು ವರ್ಷ ಕಳೆದ ಯಂತ್ರವೂ ಇವುಗಳಿಂದ ಪತ್ರಲೇಖನಕ್ಕೂ ಲೆಕ್ಕಪತ್ರಕ್ಕೂ ಮಕ್ಕಳ ಅಭ್ಯಾಸಕ್ಕೂ ಒದಗುವುದು. ತಿರುಗುವ ಹಾರ್ಡ್ ಡಿಸ್ಕನ್ನು ತೆಗೆದು ಎಸ್‌ಎಸ್‌ಡಿಯನ್ನು ಜೋಡಿಸಿದರೆ ಅದರ ಚುರುಕು ಎದ್ದುಕಾಣುವುದು. ಯಂತ್ರದಲ್ಲಿ ಏನನ್ನೂ ಅಳಿಸದೆ, ಪೆನ್‌ಡ್ರೈವಿನಿಂದಲೇ ಚಾಲನೆಮಾಡಿ ಮೊದಲು ಪರೀಕ್ಷಿಸಿಕೊಳ್ಳಲೂಬಹುದು.

ಕನ್ನಡದ ಗತಿಯೇನೆಂದು ಕೇಳುವವರಿಗೆ ಉತ್ತರವಿಷ್ಟೆ: ಕಗಪ ಕೀಲಿಮಣೆಯ ವಿನ್ಯಾಸವು ಲಿನಕ್ಸಿನಲ್ಲಿಯೂ ಇರುವುದು, ಯೂನಿಕೋಡ್ ಅಕ್ಷರಗಳು ಸಲೀಸಾಗಿ ಮೂಡುವುವು, ಲಿಬ್ರೆಆಫೀಸ್ ಕನ್ನಡದಲ್ಲಿಯೇ ಲಭ್ಯವಿರುವುದು.

ತೊಡಕುಗಳೇ ಇಲ್ಲವೆಂದು ನಾವು ಹೇಳೆವು. ವಿಂಡೋಸಿಗೆಂದೇ ರಚಿತವಾದ ಕೆಲವು ತಂತ್ರಾಂಶಗಳು ಇಲ್ಲಿ ನಡೆಯಲಾರವು. ಇಂದಿನ ಭಾರವಾದ ಜಾಲತಾಣಗಳ ಮುಂದೆ 2 ಜಿಬಿಯ ಯಂತ್ರವು ಏದುಸಿರು ಬಿಡುವುದು. 32 ಬಿಟ್ಟಿನ ಯಂತ್ರಗಳನ್ನಂತೂ ಡೆಬಿಯನ್ನಿನವರೇ 2025ರ ತಮ್ಮ 13ನೆಯ ಆವೃತ್ತಿಯಲ್ಲಿ ಪೂರ್ಣ ಬೆಂಬಲದಿಂದ ಕೈಬಿಟ್ಟರು. ಆದುದರಿಂದ ಕಡತಗಳನ್ನು ಮೊದಲು ಬೇರೆಡೆ ನಕಲುಮಾಡಿಟ್ಟು, ಯಂತ್ರದ ಯೋಗ್ಯತೆಯನ್ನರಿತು ಕೆಲಸ ವಹಿಸುವುದೇ ವಿವೇಕ.

ಇದು ಕನಸಿನ ಮಾತಲ್ಲ. ನೆರೆಯ ಕೇರಳವು 2001ರಲ್ಲಿ ಆರಂಭಿಸಿದ ಐಟಿ ಅಟ್ ಸ್ಕೂಲ್ ಯೋಜನೆಯು ಮುಂದೆ ಸ್ವತಂತ್ರ ತಂತ್ರಾಂಶವನ್ನೇ ನೆಚ್ಚಿತು. ಅಲ್ಲಿಯ ಶಾಲೆಗಳು ಅದರಲ್ಲಿಯೇ ಪಾಠ ನಡೆಸಿಕೊಂಡು ಬಂದಿವೆ. ನೆರೆಯವರಿಗೆ ಸಾಧ್ಯವಾದುದು ನಮಗೇಕೆ ಅಸಾಧ್ಯವಾಗಬೇಕು?

2022ರ ಒಂದೇ ವರ್ಷದಲ್ಲಿ ಜಗತ್ತು ಸುಮಾರು 6.2 ಕೋಟಿ ಟನ್ ವಿದ್ಯುನ್ಮಾನ ಕಸವನ್ನು ಹೊರಹಾಕಿತು. ಕ್ರಮಬದ್ಧವಾಗಿ ಮರುಬಳಕೆಗೆ ಸಂದುದು ಅದರಲ್ಲಿ ಕಾಲುಭಾಗಕ್ಕೂ ಕಡಿಮೆ. ದುಡಿಯಬಲ್ಲ ಯಂತ್ರವನ್ನು ಆ ರಾಶಿಗೆ ಸೇರಿಸುವುದು ಪ್ರಜೆಗಳ ಹಣದ ಅಪವ್ಯಯ.

ಸರಕಾರದವರಲ್ಲಿ ನಮ್ಮ ಸೂಚನೆಯಿದು: ಹಗುರ ತಂತ್ರಾಂಶವನ್ನು ಹಾಕಿ ಪರೀಕ್ಷಿಸದೆ ಯಾವ ಗಣಕಯಂತ್ರವನ್ನೂ ಹರಾಜಿಗಿಡಕೂಡದು. ತಾಲ್ಲೂಕಿಗೆ ಇಬ್ಬರು ಉಪಾಧ್ಯಾಯರಿಗಾದರೂ ಈ ಕೆಲಸವನ್ನು ಕಲಿಸತಕ್ಕದ್ದು. ಕಚೇರಿಯಲ್ಲಿ ಮೂಲೆಗೆ ಬಿದ್ದ ಯಂತ್ರವು ಹಳ್ಳಿಯ ಹುಡುಗಿಯೊಬ್ಬಳ ಮೊದಲನೆಯ ಗಣಕಯಂತ್ರವಾಗಬಹುದಾಗಿರುವಾಗ, ಅದನ್ನು ಗುಜರಿಗೆ ತೂಗಿಹಾಕುವ ಅಧಿಕಾರ ಯಾರಿಗೂ ಇಲ್ಲ.